ತಮ್ಮನ ಕಾರು, ಅಮ್ಮನ ಪಟ

ಜನವರಿ ೧೨

ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾರು ನಮ್ಮ ಬಾಗಿಲಿಗೆ ಬಂದು ನಿಂತಿದೆ. ದೇವರ ದಯೆಯಿಂದ ನಾವೂ ನಿಂತಿದ್ದೇವೆ, ನಿನ್ನ ಭಾವ ಮಾತ್ರ ಒಂದೇ ಕಾಲಿನ ಮೇಲೆ. ಮಂಡಿನೋವು ಇಳಿದಿಲ್ಲ. ಇನ್ನು ಸ್ಕೂಟರು ಮುಟ್ಟಬಾರದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ.

ಫೋನು ಮಾಡುವ ಬದಲು ಕಾಗದ ಯಾಕೆ ಎಂದು ನಿನ್ನ ಹೆಂಡತಿ ನಕ್ಕಳಂತೆ. ಫೋನು ಹಿಡಿದರೆ ಇಲ್ಲಿ ನಿನ್ನ ಭಾವ ಪಕ್ಕದಲ್ಲಿ ಕೂತು ಗಂಟಲು ಸರಿಮಾಡುತ್ತಾರೆ, ಅಲ್ಲಿ ಅಮ್ಮ "ಏನಂತೆ, ಏನಂತೆ" ಎಂದು ನಿನ್ನ ತೋಳು ಜಗ್ಗುತ್ತಾಳೆ. ಇಬ್ಬರ ಮಾತನ್ನು ನಾಲ್ಕು ಜನ ಆಡಿದ ಹಾಗಾಗುತ್ತದೆ. ಊರ ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅಕ್ಷರ ಇನ್ನೂ ನನ್ನ ಕೈ ಬಿಟ್ಟಿಲ್ಲ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಕೊನೆತನಕ ಹೇಳಬಹುದು.

ನಿನ್ನೆ ಮೊದಲ ಸಲ ಒಬ್ಬಳೇ ಓಡಿಸಿದೆ. ನಾವು ಒಗೆದುಕೊಡುವ ಆಸ್ಪತ್ರೆಯ ಚಾದರಗಳ ಗಂಟು ಹಿಂದಿನ ಸೀಟಿನಲ್ಲಿ, ಲಾಡ್ಜಿನ ದಿಂಬಿನ ಚೀಲಗಳು ಪಕ್ಕದಲ್ಲಿ, ನಡುವೆ ನಾನು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಗಾಡಿಯ ತುಂಬ. ಕಲಿಸಿದ ಮಾಸ್ತರರು "ಅಮ್ಮಾ, ಕ್ಲಚ್ಚು ನಿಮ್ಮ ಸವತಿ ಅಲ್ಲ, ಹಾಗೆ ತುಳೀಬೇಡಿ" ಅನ್ನುತ್ತಿದ್ದರು. ಅದನ್ನೇ ನೆನೆದುಕೊಂಡು ನಿಧಾನವಾಗಿ ಹೋಗಿ ಬಂದೆ.

ಸ್ಟಿಯರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳು ಇರುವ ಗಾಜಿನ ಮೂಲೆಯಲ್ಲಿ, ದೇವರ ಪಟ ಇದೆಯಲ್ಲ, ಅದನ್ನು ನೋಡಿಯೇ ನನಗೆ ಅರ್ಧ ಧೈರ್ಯ ಬಂತು. ಅಮ್ಮ ಅಂಟಿಸಿದ್ದಂತೆ. ಕಣ್ಣು ರಸ್ತೆಯ ಮೇಲೆ, ದೇವರು ಕಣ್ಣಂಚಿನಲ್ಲಿ.

ನಿನ್ನ ಭಾವ ಮಾತ್ರ ಒಪ್ಪಿ ಒಪ್ಪದ ಹಾಗಿದ್ದಾರೆ. "ಸಂಬಂಧದಲ್ಲಿ ವ್ಯಾಪಾರ ಬೇಡ ಅಂದೆ. ಗಾಡಿ ಕೆಟ್ರೆ ರಿಪೇರಿ ಮಾಡಿಸ್ಬಹುದು, ನಿನ್ನ ತಮ್ಮನ ಹತ್ರ ಮಾತು ಕೆಟ್ರೆ ಯಾವ ಗ್ಯಾರೇಜಿಗೆ ಒಯ್ತೀಯ?" ಅಂದರು. ಹೊರಗಿನವರ ಹಳೇ ಕಾರು ಕೊಂಡು ಮೋಸಹೋಗುವುದಕ್ಕಿಂತ ಒಡಹುಟ್ಟಿದವನದ್ದು ವಾಸಿ ಎಂದು ನಾನೇ ಹಟ ಹಿಡಿದೆ.

ಡಿಕ್ಕಿಯಲ್ಲಿ ಒಂದು ಬಿಳಿ ಕ್ಯಾನು ಸಿಕ್ಕಿತು. ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವ ನೀರು ತುಂಬಿಡಲು ಹೇಳಿ ಮಾಡಿಸಿದ ಹಾಗಿದೆ. ಒಳಗೆ ತಂದಿಟ್ಟುಕೊಂಡೆ. ಬೇಕಾಗಿತ್ತೇ ನಿನಗೆ?

ಅಮ್ಮನ ಕಾಲಿನ ಊತ ಇಳಿಯಿತೇ? ಆ ಕಾಲಿಗೆ ನನ್ನ ಪರವಾಗಿ ನಮಸ್ಕರಿಸು.

ನಿನ್ನ ಅಕ್ಕ

*

ಜನವರಿ ೨೭

ಅಕ್ಕನಿಗೆ ನಮಸ್ಕಾರ.

ಕಾಗದ ಬಂತು. ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ನೀನು ಗಾಡಿ ಓಡಿಸಿದ ಸುದ್ದಿಗಿಂತ ಪಟ ಹಾಗೇ ಇದೆಯಲ್ಲ ಅನ್ನುವುದೇ ಅವಳಿಗೆ ದೊಡ್ಡ ಸಮಾಧಾನ. "ತೆಗೀಬೇಡ ಅಂತ ಬರಿ. ಒರೆಸೋವಾಗ ಒದ್ದೆ ಬಟ್ಟೆ ತಾಗಿಸ್ಬೇಡ ಅಂತ್ಲೂ ಬರಿ" ಅಂದಳು. ಬರೆದಿದ್ದೇನೆ.

ಇಲ್ಲಿ ಹೊಸ ಪ್ರೆಸ್ಸಿನವರು ಕೊಟ್ಟ ಮನೆ ಪ್ರೆಸ್ಸಿನ ಹಿಂದೆಯೇ ಇದೆ. ಅಡುಗೆಮನೆಯಲ್ಲಿ ಕೂತರೆ ಕಾಗದ ಕತ್ತರಿಸುವ ಯಂತ್ರದ ಸದ್ದು ಕೇಳುತ್ತದೆ. ಚಪ್ಪಲಿ ಮೆಟ್ಟುವುದರೊಳಗೆ ಕೆಲಸಕ್ಕೆ ಸೇರಿರುತ್ತೇನೆ. ಇಲ್ಲಿ ಕಾರು ಇಟ್ಟುಕೊಂಡಿದ್ದರೆ ಕೋಳಿ ಕೂರಲು ಜಾಗವಾಗುತ್ತಿತ್ತು, ಅಷ್ಟೇ.

ನನ್ನ ಕೈಯಲ್ಲಿದ್ದಷ್ಟು ದಿನ ಅದು ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ಸಾಧು ಹಸುವಿನಂಥ ಗಾಡಿ. ಭಾವನಿಗೂ ಹೇಳು.

ಕ್ಯಾನು ಇರಲಿ.

ಪುಟ್ಟ

*

ಮಾರ್ಚ್ ೩

ಪುಟ್ಟನಿಗೆ,

ಹೇಗೆ ಶುರುಮಾಡುವುದೋ ತಿಳಿಯುತ್ತಿಲ್ಲ. ಸಾಧು ಹಸು ಒದೆಯಿತು.

ಆಸ್ಪತ್ರೆ ಇರುವುದು ಏರು ರಸ್ತೆಯ ತುದಿಯಲ್ಲಿ. ಹೋದ ವಾರ ಅದರ ಅರ್ಧದಲ್ಲಿ, ಹತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಉಸಿರುಬಿಟ್ಟ ಹಾಗೆ ಮುಂದಿನಿಂದ ಹಬೆ ಎದ್ದಿತು. ಬೆಂಕಿಯೆಂದುಕೊಂಡು ಚಾದರದ ಗಂಟನ್ನು ಎಳೆದುಕೊಂಡು ಕೆಳಗೆ ಹಾರಿದೆ. ಆಮೇಲೆ ಆ ಗಂಟನ್ನು ತಲೆಯ ಮೇಲೆ ಹೊತ್ತು ಏರು ಹತ್ತಿದೆ. ಬಟ್ಟೆ ಎಣಿಸಿಕೊಳ್ಳುವ ಸಿಸ್ಟರು "ಕಾರು ತಗೊಂಡೆ ಅಂದ್ರಿ?" ಅಂದಳು. "ತಗೊಂಡೆ, ಅದು ದಾರಿಯಲ್ಲಿ ಸುಧಾರಿಸ್ಕೊಳ್ತಿದೆ" ಅಂದೆ.

ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಚಪ್ಪರದ ಕೆಳಗೆ ಒಬ್ಬ ಮೆಕ್ಯಾನಿಕ್ ಇದ್ದಾನೆ. ಯಾವಾಗ ಕೇಳಿದರೂ "ಮುಕ್ಕಾಲು ಮುಗೀತು" ಅನ್ನುತ್ತಾನಾದ್ದರಿಂದ ಬೀದಿಯವರೆಲ್ಲ ಅವನನ್ನು ಮುಕ್ಕಾಲು ಎಂದೇ ಕರೆಯುತ್ತಾರೆ. ಅವನೇ ಬಂದು ಎಳೆಸಿಕೊಂಡು ಹೋದ. ಇಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೆಳ್ಳನೆ ಹಾಳೆ ಇರುತ್ತದಂತೆ, ಗ್ಯಾಸ್ಕೆಟ್ಟು. ಅದು ಸುಟ್ಟಿದೆ ಎಂದ. ಒಳಗೆ ತೊಟ್ಟು ನೀರಿಲ್ಲ ಎಂದ.

"ನೀರು ಹೋಗಿದ್ದಕ್ಕೆ ಕಾಯ್ತೋ, ಕಾದಿದ್ದಕ್ಕೆ ನೀರು ಹೋಯ್ತೋ?" ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಎರಡೂ ಒಂದೇ ಅಲ್ವಾ ಅಕ್ಕಾ?"

ಒಂದೇ ಹೇಗಾಗುತ್ತದೆ? ಅತ್ತಿದ್ದಕ್ಕೆ ಹೊಡೆದರೋ ಹೊಡೆದಿದ್ದಕ್ಕೆ ಅತ್ತಿತೋ ಎಂದು ಮಗುವಿನ ತಾಯಿ ಕೇಳುವುದಿಲ್ಲವೇ?

"ಕಾಯೋಕೆ ಮುಂಚೆ ದೀಪ ಹತ್ತಲಿಲ್ವಾ?" ಎಂದ. ಯಾವ ದೀಪ ಅಂದೆ. ಈ ಕಾರಿನಲ್ಲಿ ಕಾವು ತೋರಿಸುವ ಮುಳ್ಳಿಲ್ಲವಂತೆ, ಬಿಸಿ ಮಿತಿಮೀರಿದರೆ ಎದುರಿಗೆ ಒಂದು ದೀಪ ಹತ್ತುತ್ತದಂತೆ. ನನ್ನ ಮುಂದೆ ಯಾವ ದೀಪವೂ ಹತ್ತಿರಲಿಲ್ಲ, ದೇವರ ಆಣೆಗೂ. "ಹಾಗಾದ್ರೆ ದೀಪಕ್ಕೆ ಸುದ್ದಿ ಮುಟ್ಟಿಸೋ ಸೆನ್ಸರು ಸತ್ತಿದೆ" ಎಂದು ಅದನ್ನೂ ಹೊಸದು ಹಾಕಿದ. ಕೆಲಸ ಮುಗಿಸಿ, ಸೀಟಿನಲ್ಲಿ ಕೂತು, ಪಟಕ್ಕೆ ಕೈ ಮುಗಿದೇ ಗಾಡಿ ಶುರುಮಾಡಿದ. ಒಳ್ಳೆಯ ಮನುಷ್ಯ.

ಅವನು ಕೇಳಿದ ದುಡ್ಡು ಎರಡು ತಿಂಗಳ ಇಸ್ತ್ರಿಯ ಬೆವರು. ಅವನು ಗಾಡಿ ಬಿಚ್ಚುವ ಮೊದಲು ನಿನ್ನ ಭಾವನ ತಂಗಿಯ ಗಂಡ ಗಾಜಿನ ಬಾಗಿಲಿನ ಗ್ಯಾರೇಜಿನಲ್ಲೂ ಕೇಳಿ ನೋಡಿ ಅಂದಿದ್ದರು. ಅಲ್ಲಿ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಇಂಜಿನ್ನನ್ನೇ ಬದಲಾಯಿಸಬೇಕು ಎಂದು ಹೇಳಿದರು. ಪಕ್ಕದ ಮನೆಯವರು ಇಬ್ಬರೂ ಕಳ್ಳರು ಅನ್ನುತ್ತಾರೆ. ನಾನು ಬಟ್ಟೆ ನೋಡಿದರೆ ಯಾವ ಕಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಹೇಳಬಲ್ಲೆ. ಇದರಲ್ಲಿ ಎಲ್ಲರೂ ಹೇಳಿದ್ದು ನಿಜವೆಂದೇ ಕಾಣುತ್ತದೆ, ಅವರು ಹೊರಟುಹೋಗುವ ತನಕ.

ನಿನ್ನ ಹತ್ತಿರ ಇದ್ದಾಗ ಹೀಗೆ ಏನಾದರೂ ಆಗಿತ್ತೇ? ಸುಮ್ಮನೆ ಕೇಳಿದೆ.

ಅಕ್ಕ

*

ಮಾರ್ಚ್ ೧೯

ಅಕ್ಕನಿಗೆ ನಮಸ್ಕಾರ.

"ಸುಮ್ಮನೆ ಕೇಳಿದೆ" ಅಂತ ನೀನು ಬರೆದದ್ದು ಸುಮ್ಮನೆ ಅಲ್ಲ ಅಂತ ನನಗೆ ಗೊತ್ತಾಗುತ್ತದೆ. ಭಾವ ಹೇಳಿ ಬರೆಸಿದರೋ ಏನೋ.

ನನ್ನ ಹತ್ತಿರ ಏನೂ ಆಗಿರಲಿಲ್ಲ. ಮನೆಯಿಂದ ಹಳೇ ಪ್ರೆಸ್ಸಿಗೆ, ಪ್ರೆಸ್ಸಿನಿಂದ ಮನೆಗೆ, ಅಂಗೈಯಂಥ ರಸ್ತೆಯಲ್ಲಿ ಓಡಿಸಿದ್ದೇನೆ. ಗಂಟೆಗಟ್ಟಲೆ ಗಂಟುಮೂಟೆ ಹೇರಿಕೊಂಡು ಏರು ಹತ್ತಿಸಿದವನಲ್ಲ. ಕಲಿಯುವ ಕೈಗೆ ಸಿಕ್ಕಿದ ಗಾಡಿಗೆ ಎರಡು ಪೆಟ್ಟು ಬೀಳುವುದು ಸಹಜ. ಮೊದಲ ಗೇರಿನಲ್ಲೇ ಎಳೆಯುತ್ತೀಯೋ ಏನೋ, ಗಾಡಿ ಕಾಯದೆ ಇನ್ನೇನು ಮಾಡುತ್ತದೆ? ನಿನ್ನನ್ನು ದೂರುತ್ತಿಲ್ಲ. ಆದರೆ ಗಾಡಿಯನ್ನೂ ದೂರಬೇಡ.

ಅಮ್ಮನಿಗೆ ಈ ವಿಷಯ ಹೇಳಿಲ್ಲ. ಹೇಳಿದರೆ ರಾತ್ರಿಯಿಡೀ ಕೂತಿರುತ್ತಾಳೆ.

ಪುಟ್ಟ

*

ಏಪ್ರಿಲ್ ೨೫

ಪುಟ್ಟನಿಗೆ,

ಉತ್ತರ ತಡವಾಯಿತು. ಕಲಿಯುವ ಕೈ, ಬರೆಯುವುದೂ ನಿಧಾನ.

ನಿನ್ನ ಕಾಗದವನ್ನು ಭಾವನಿಗೆ ತೋರಿಸಲಿಲ್ಲ. ದಿಂಬಿನ ಚೀಲಗಳ ಕಪಾಟಿನಲ್ಲಿ ಇಟ್ಟಿದ್ದೆ. ಅವರೇ ಚೀಲ ಹುಡುಕಲು ಹೋಗಿ ಓದಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನಿನ್ನ ಪರವಾಗಿ ಎರಡು ಮಾತು ಆಡುತ್ತಿದ್ದೆ.

ಗಾಡಿ ಮತ್ತೆ ಕಾದು ನಿಂತಿತು. ಮುಕ್ಕಾಲು ಮತ್ತೆ ಅದೇ ಹಾಳೆ ಬಿಚ್ಚಿ ಹಾಕಿದ. ಈ ಸಲವೂ ದೀಪ ಹತ್ತಲಿಲ್ಲವೆಂದೆ. ಕಂಪೆನಿಯ ಸೆನ್ಸರೇ ಸರಿಯಿಲ್ಲ ಎಂದು ಇನ್ನೊಂದು ಕಂಪೆನಿಯದ್ದು ಹಾಕಿದ. "ಅಕ್ಕಾ, ನಿಮ್ ಕೈಯಲ್ಲಿ ತಪ್ಪಿಲ್ಲ, ಗೇರೆಲ್ಲ ಹೂವಿನ ಹಾಗಿದೆ" ಎಂದೂ ಹೇಳಿದ. ಇದನ್ನು ನಿನಗೆ ತಿಳಿಸಬೇಕೆಂದೇ ನೆನಪಿಟ್ಟುಕೊಂಡೆ.

ಸಾಕು, ಮಾರಿಬಿಡೋಣ, ಇದಕ್ಕೆ ಇನ್ನಷ್ಟು ಸೇರಿಸಿ ಬೇರೆ ಹಳೇ ಕಾರು ತೆಗೆದುಕೊಳ್ಳೋಣ ಎಂದು ಭಾವ ಹೊರಡಿಸಿದರು. ಬೇಲಿ ಹಾಕಿದ ಬಯಲಿನಲ್ಲಿ ಸಾಲಾಗಿ ಕಾರುಗಳು, ಸೋಪು ಹಚ್ಚಿ ತೊಳೆದು ಗಂಡಿನ ಕಡೆಯವರ ಮುಂದೆ ನಿಲ್ಲಿಸಿದ ಹೆಣ್ಣುಮಕ್ಕಳ ಹಾಗೆ. ಮಾರುವವನು ಒಂದೊಂದರ ಬೆನ್ನು ತಟ್ಟುತ್ತ ನಡೆದ.

"ಇದು ಒಬ್ಬ ಡಾಕ್ಟರು ಓಡಿಸಿದ್ದು ಮೇಡಂ. ವಾರಕ್ಕೊಂದು ಸಲ ಅಷ್ಟೆ."

"ಆ ನೀಲಿದು?"

"ಅದೂ ಡಾಕ್ಟರದ್ದೇ. ಲೇಡಿ ಡಾಕ್ಟರು."

ಹಾಗೇ ಐದಾರು ಡಾಕ್ಟರುಗಳಾದರು. "ಇಷ್ಟೊಂದು ಡಾಕ್ಟರುಗಳು ಕಾರು ಮಾರಿ ಮನೇಲಿ ಕೂತ್ರೆ ರೋಗಿಗಳ ಗತಿ ಏನಪ್ಪಾ?" ಅಂದೆ. ನಿನ್ನ ಭಾವ ಎಷ್ಟೋ ದಿನಗಳ ಮೇಲೆ ನಕ್ಕರು. ಆಮೇಲೆ ಅವನು ನಮ್ಮ ಕಾರಿಗೆ ಬೆಲೆ ಹೇಳಿದ. ಅದು ಕಬ್ಬಿಣದ ತೂಕಕ್ಕೆ ಹೇಳುವ ಬೆಲೆ. ನಗು ಅಲ್ಲಿಗೇ ನಿಂತಿತು.

ಒಂದು ವಿಷಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಅವನು ನಮ್ಮ ಕಾರಿನೊಳಗೆ ತಲೆ ಹಾಕಿ ನೋಡಿದವನು, ದೇವರ ಪಟ ಕಂಡು ತನ್ನ ಜೊತೆಯವನನ್ನು ಕರೆದು ತೋರಿಸಿದ. "ನೋಡೋ, ಇವರು ನಮಗಿಂತ ಜಾಣರು" ಅಂದ. ಇಬ್ಬರೂ ನಕ್ಕರು. ದೇವರ ಪಟ ಅಂಟಿಸುವುದರಲ್ಲಿ ಜಾಣತನ ಏನು? ಭಾವನನ್ನು ಕೇಳಿದೆ, ಅವರಿಗೂ ಹೊಳೆಯಲಿಲ್ಲ. ನಿನಗೆ ಹೊಳೆದರೆ ಬರಿ.

ನಿನ್ನ ಕಾರನ್ನು ನಿನಗೇ ಹಿಂದಕ್ಕೆ ಕೊಟ್ಟುಬಿಡುತ್ತೇವೆ ಎಂದು ಬರೆಯಲು ಭಾವ ಹೇಳಿದ್ದಾರೆ. ಅವರು ಹಾಗೆ ಹೇಳಿದ್ದಾರೆ ಎಂದು ಬರೆದಿದ್ದೇನೆ. ನಾನು ಹಾಗೆ ಬರೆದಿಲ್ಲ.

ಅಕ್ಕ

*

ಮೇ ೧೯

ಪುಟ್ಟಾ,

ಇದನ್ನು ಕೂತು ಓದು. ಅಮ್ಮನ ಎದುರಿಗೆ ಗಟ್ಟಿಯಾಗಿ ಓದಬೇಡ.

ಮೊನ್ನೆ ಸಂಜೆ ಅದೇ ಏರಿನಲ್ಲಿ ಹೋಗುತ್ತಿದ್ದೆ. ಬೆಳಕು ಇಳಿಯುತ್ತಿತ್ತು. ಕಣ್ಣಂಚಿನಲ್ಲಿ ಏನೋ ಕೆಂಪಗೆ ಕಂಡಿತು. ನೋಡಿದರೆ ಪಟದಲ್ಲಿ ದೇವರ ಪಾದದ ಸುತ್ತ ಕೆಂಪು ಬೆಳಕು. ಮೈ ಜುಮ್ಮೆಂದಿತು. ಇಷ್ಟು ವರ್ಷ ಮುಂಜಾನೆ ಎದ್ದು ಕೈ ಮುಗಿದದ್ದಕ್ಕೆ, ಕೊನೆಗೆ ಚಾದರದ ಗಂಟುಗಳ ನಡುವೆ ಕೂತವಳಿಗೆ ಒಂದು ಗುರುತು ತೋರಿಸಿದನಲ್ಲ ಎಂದು ಕಣ್ಣು ತುಂಬಿತು. ಗಾಡಿ ಓಡಿಸುತ್ತ ಕೈ ಮುಗಿಯುವುದು ಹೇಗೆ? ಬದಿಗೆ ತಂದು ನಿಲ್ಲಿಸಿ, ಕೀಲಿ ತೆಗೆದು, ಕೈ ಮುಗಿದೆ. ಸುಮಾರು ಹೊತ್ತು ಹಾಗೇ ಕೂತಿದ್ದೆ. ಮುಂದಿನಿಂದ ಸಣ್ಣಗೆ ಹಬೆ ಬರುತ್ತಿದ್ದುದು ಆಮೇಲೆ ಕಂಡಿತು.

ಮುಕ್ಕಾಲು ಬಂದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಕೈ ತೊಳೆದುಕೊಂಡು ಬಂದ. ಪಟಕ್ಕೆ ನಮಸ್ಕಾರ ಮಾಡಿದ. ಕಾವಿಗೆ ಅಂಟು ಬಿಟ್ಟು ಎದ್ದಿದ್ದ ಮೂಲೆಯನ್ನು ಉಗುರಿನಿಂದ ಒಂಚೂರು ಎತ್ತಿ, ಕೀಲಿ ತಿರುಗಿಸಿದ. ಒಳಗೊಂದು ಕೆಂಪು ದೀಪ, ಸಾಸಿವೆಯಷ್ಟು.

"ಅಕ್ಕಾ, ಇದು ದೇವರ ಬೆಳಕಲ್ಲ. ಗಾಡಿ ಕಾದ್ರೆ ಹತ್ತುತ್ತೆ ಅಂದ್ನಲ್ಲ, ಆ ದೀಪ." ಆಮೇಲೆ ನೆಲದ ಮೇಲೇ ಕೂತುಬಿಟ್ಟ. "ಎರಡು ಸಲ ಸೆನ್ಸರ್ ಬದಲಾಯಿಸಿದ್ದೀನಲ್ಲೋ, ಪಾಪಿ ನಾನು! ದೇವರನ್ನ ಸರಿಸೋದು ಹೇಗೆ ಅಂತ ಒಂದು ಸಲವೂ ಅದರ ಹಿಂದೆ ನೋಡ್ಲಿಲ್ಲ."

ಪ್ರತಿ ಸಲವೂ ದೀಪ ಹತ್ತಿದೆ. ಪ್ರತಿ ಸಲವೂ ನಾನು ಅದರ ಮುಂದೆಯೇ ಕೂತು, ಅದು ಹತ್ತಲಿಲ್ಲವೆಂದು ದೇವರ ಆಣೆ ಇಟ್ಟಿದ್ದೇನೆ.

"ಆದ್ರೆ ನೀವು ಈ ಸಲ ನಿಲ್ಲಿಸಿದ್ದಕ್ಕೆ ಇಂಜಿನ್ ಉಳೀತು. ಇನ್ನೊಂದು ಫರ್ಲಾಂಗು ಹೋಗಿದ್ರೆ ಮುಗೀತಿತ್ತು" ಅಂದ. ಹಾಗಾದರೆ ಅದು ದೇವರ ಬೆಳಕಲ್ಲದೆ ಮತ್ತೇನು? ಯಾರನ್ನು ಕೇಳಲಿ? ಕೇಳಿದರೆ ನಗುತ್ತಾರೆ.

ಬಯಲಿನಲ್ಲಿ ಆ ಇಬ್ಬರು ಯಾಕೆ ನಕ್ಕರೆಂದು ಈಗ ತಿಳಿಯಿತು. ಕೆಟ್ಟ ಗಾಡಿ ಮಾರುವವರು ಆ ದೀಪದ ಮೇಲೆ ಕಪ್ಪು ಟೇಪು ಅಂಟಿಸುವುದುಂಟಂತೆ, ಮುಕ್ಕಾಲು ಹೇಳಿದ. ಟೇಪಾದರೆ ಕೊಂಡವರು ಕಿತ್ತುಹಾಕುತ್ತಾರೆ. ದೇವರನ್ನು ಯಾರು ಕೀಳುತ್ತಾರೆ?

ಭಾವ ಇದನ್ನು ಕೇಳಿ ಎದ್ದು ಹೊರಗೆ ಹೋದರು. ಬಂದ ಮೇಲೆ ಹೇಳಿದ್ದು ಇಷ್ಟೇ: "ಅಂಟಿಸೋಕೆ ಗಾಡಿ ತುಂಬಾ ಜಾಗ ಇತ್ತು. ಅದೇ ದೀಪದ ಮೇಲೇ ಯಾಕೆ ಅಂತ ಬರೆದು ಕೇಳು. ಉತ್ತರ ಬರೋತನಕ ಆ ಮನೆ ಮಾತು ಈ ಮನೇಲಿ ಬೇಡ."

ಪಟ ಅಂಟಿಸಿದ್ದು ಯಾರು ಪುಟ್ಟಾ? ಅಮ್ಮ ಅಂಟಿಸಿದ್ದು ಅಂದರೆ, ಎಲ್ಲಿ ಅಂಟಿಸಬೇಕೆಂದು ಅವಳಿಗೆ ತೋರಿಸಿಕೊಟ್ಟವರು ಯಾರು?

ಬರೆದುಬಿಟ್ಟೆ. ಹೊಡೆದುಹಾಕಲು ಹೋದೆ, ಹಾಳೆ ಹರಿಯಿತು, ಬಿಟ್ಟೆ.

ಅಕ್ಕ

*

ಜೂನ್ ೧೧

ಪುಟ್ಟಾ,

ನಿನ್ನ ಕಾಗದವಿಲ್ಲ. ಇಲ್ಲ ಅಂತಲೋ, ಹೌದು ಅಂತಲೋ ಬರಿ. ಎರಡರಲ್ಲಿ ಯಾವುದು ಬಂದರೂ ನನಗೆ ನಿದ್ದೆ ಬಂದೀತು. ಕಾರು ಮುಕ್ಕಾಲನ ಚಪ್ಪರದ ಕೆಳಗಿದೆ. ಬಟ್ಟೆಯ ಗಂಟುಗಳನ್ನು ಬಾಡಿಗೆ ಗಾಡಿಯಲ್ಲಿ ಒಯ್ಯುತ್ತಿದ್ದೇನೆ. ಆ ಪಟವನ್ನು ಕೀಳಲು ನನಗೆ ಕೈ ಬರುತ್ತಿಲ್ಲ. ಮೊದಲಿನ ಹಾಗೆ ಅದಕ್ಕೆ ಕೈ ಮುಗಿಯಲೂ ಆಗುತ್ತಿಲ್ಲ.

ಅಕ್ಕ

*

ಜುಲೈ ೨

ಅಕ್ಕನಿಗೆ ನಮಸ್ಕಾರ.

ನಾಲ್ಕು ಸಲ ಬರೆದು ಹರಿದೆ. ಪ್ರೆಸ್ಸಿನಲ್ಲಿ ಕಾಗದಕ್ಕೆ ಬರವಿಲ್ಲ ಅನ್ನುವುದೊಂದೇ ಪುಣ್ಯ.

ಅಮ್ಮನನ್ನು ಕೇಳುವ ಧೈರ್ಯ ಬಂದದ್ದು ಮೊನ್ನೆ. "ಅಮ್ಮಾ, ಕಾರಿನಲ್ಲಿ ಪಟ ಅಲ್ಲೇ ಯಾಕೆ ಅಂಟಿಸಿದೆ?" ಎಂದೆ. ನಿನ್ನ ಕಾಗದ ಬಂದದ್ದು, ಗಾಡಿ ಕೆಟ್ಟದ್ದು, ಏನೂ ಅವಳಿಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಗಾಡಿ ತಂದ ದಿನ ನನ್ನನ್ನ ಮುಂದೆ ಕೂರಿಸ್ಕೊಂಡು ದೊಡ್ಡ ದಿಬ್ಬ ಹತ್ತಿಸಿದ್ಯಲ್ಲ, ನೆನಪಿದ್ಯಾ? ಆಗ ಅಲ್ಲೊಂದು ಪುಟ್ಟ ದೀಪ ಉರೀತಿತ್ತು ಕಣೋ, ಕೆಂಪಗೆ, ಎಷ್ಟು ಚಂದ ಇತ್ತು! ಗಾಡಿ ಮಾಡ್ದೋರು ಭಕ್ತರು, ದೀಪ ಇಟ್ಟಿದ್ದಾರೆ, ದೇವರನ್ನ ಇಡೋದು ಮರ್ತಿದ್ದಾರೆ ಅಂದ್ಕೊಂಡೆ. ದೇವರಿಲ್ದೆ ಬರೀ ದೀಪ ಉರಿಯೋದು ಒಳ್ಳೇದಲ್ಲ. ಮಾರನೇ ದಿನ ನೀನು ಸ್ನಾನಕ್ಕೆ ಹೋದಾಗ ಹೋಗಿ ಅಂಟಿಸ್ದೆ. ಯಾಕೋ, ಓರೆ ಆಗಿತ್ತಾ?"

ಓರೆ ಆಗಿರಲಿಲ್ಲ ಅಂದೆ. ಇನ್ನೇನು ಅನ್ನಲಿ?

ಅಕ್ಕಾ, ಅಂದರೆ ನಾನು ತಂದ ದಿನವೇ ಆ ಗಾಡಿ ಕಾದಿತ್ತು. ನನಗೆ ಮಾರಿದವನಿಗೆ ಅದು ಗೊತ್ತಿತ್ತು. ನಾನು ಅವತ್ತು ರಸ್ತೆ ಬಿಟ್ಟು ಕಣ್ಣು ಕದಲಿಸುವಷ್ಟು ಕಲಿತಿರಲಿಲ್ಲ, ದೀಪ ನೋಡಿದವಳು ಅಮ್ಮ ಒಬ್ಬಳೇ. ಮಾರನೇ ದಿನದಿಂದ ಅದು ಯಾರಿಗೂ ಕಾಣಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದ ಹಾಗೆ. ಆದರೆ ಆ ಬಿಳಿ ಕ್ಯಾನು ಇದೆಯಲ್ಲ.

ನನಗೆ ಮಾರಿದವನು "ವಾರಕ್ಕೊಂದು ಸಲ ಮುಂದೆ ನೀರು ಕುಡಿಸಿ ಸಾರ್, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ" ಅಂದಿದ್ದ. ಎಲ್ಲ ಕಾರೂ ಹಾಗೇ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಗಿಡಕ್ಕೆ ಹಾಕಿದ ಹಾಗೆ ಹಾಕುತ್ತಿದ್ದೆ. ಕ್ಯಾನಿನ ಮುಕ್ಕಾಲು ಪಾಲು ಹಿಡಿಯುತ್ತಿತ್ತು. ಅಷ್ಟೊಂದು ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಸಪಾಟು ರಸ್ತೆ, ಹತ್ತು ನಿಮಿಷದ ದಾರಿ, ನನಗೆ ಅದು ತೊಂದರೆ ಕೊಡಲೇ ಇಲ್ಲ.

ನೀನು ಮೊದಲ ಕಾಗದದಲ್ಲಿ ಕ್ಯಾನು ಬೇಕೇ ಎಂದು ಕೇಳಿದೆ. ನಾನು "ಕ್ಯಾನು ಇರಲಿ" ಎಂದು ಬರೆದೆ. ಅದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು ಅಕ್ಕಾ. ನೀರಿನ ವಿಷಯ ಬರೆಯಬೇಕು ಅಂತ ಬಂತು. ಬರೆಯಲಿಲ್ಲ. ಬರೆದರೆ ಭಾವ "ಏನಿದು ಗಾಡಿ?" ಅಂತಾರೆ ಎಂದು ಹೆದರಿದೆನೋ, ಇದೂ ಒಂದು ಹೇಳುವ ವಿಷಯವೇ ಎಂದು ಬಿಟ್ಟೆನೋ, ಅಷ್ಟರಲ್ಲಿ ಯಾರಾದರೂ ಕರೆದರೋ, ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ. ನನಗೆ ಗೊತ್ತಿತ್ತೇ ಅಂದರೆ ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲವೇ ಅಂದರೆ, ಕೈ ಯಾಕೆ ನಿಂತಿತು?

ಭಾವ ಕೇಳಿದ ಪ್ರಶ್ನೆಗೆ ಇದು ಉತ್ತರವಾಯಿತೋ ಇಲ್ಲವೋ. ಕಾರು ಹಿಂದಕ್ಕೆ ಕಳಿಸಿದರೆ ಇಟ್ಟುಕೊಳ್ಳುತ್ತೇನೆ. ಕಲಿಯುವ ಕೈ ಅಂದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ಪಟದ ವಿಷಯ ಅಮ್ಮನಿಗೆ ಮೆಲ್ಲಗೆ ಹೇಳಿದೆ. "ಉರಿಯೋ ದೀಪದ ಮುಂದಿಂದ ದೇವರನ್ನ ಎಬ್ಬಿಸ್ಬಾರ್ದು. ಮೊದ್ಲು ಆ ದೀಪ ಆರೋ ಹಾಗೆ ಮಾಡಿಸ್ಲಿ, ಆಮೇಲೆ ತೆಗೀಲಿ. ಹರಿಯದ ಹಾಗೆ" ಎಂದು ಹೇಳಿದಳು.

ಪುಟ್ಟ

*

ಆಗಸ್ಟ್ ೧೦

ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದವನ್ನು ಈ ಸಲ ನಾನೇ ಭಾವನ ಕೈಗೆ ಕೊಟ್ಟೆ. ಚಾದರ ಮಡಚುವ ಮೇಜಿನ ಹತ್ತಿರ ನಿಂತೇ ಓದಿದರು. ಅಮ್ಮನ ಮಾತು ಬಂದ ಕಡೆ ಮೀಸೆ ಅಲುಗಿತು. ಕ್ಯಾನಿನ ಮಾತು ಬಂದ ಕಡೆ ನಿಂತಿತು. ಓದಿ, ಮಡಚಿ, ಚಾದರಗಳ ಮೇಲಿಟ್ಟು, "ಕೈ ನಿಂತಿತ್ತು ಅಂತ ಯಾರೂ ಕೇಳದೆ ಬರೆದಿದ್ದಾನಲ್ಲ" ಅಂದರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಈಗಲೂ ತಿಳಿದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, "ನಿಮ್ಮಮ್ಮನ ಕಾಲು ಊತ ಹೇಗಿದೆಯಂತೆ?" ಎಂದು ಕೇಳಿದರು. ಆ ಮನೆಯ ಮಾತು ಈ ಮನೆಗೆ ಬಂತು.

ಮುಕ್ಕಾಲು ರೇಡಿಯೇಟರನ್ನು, ಅಂದರೆ ನೀರು ತಣ್ಣಗಾಗುವ ಜಾಲರಿಯನ್ನು, ಪೂರ್ತಿ ಹೊಸದು ಹಾಕಿದ. ಹಳೆಯದರ ತಳದಲ್ಲಿ, ನೀರು ಸೋರುವ ಬಿರುಕಿನ ಮೇಲೆ, ಯಾರೋ ಎಂದೋ ಮೆತ್ತಿದ ಅಂಟು ಇತ್ತು. ನಿನಗೆ ಮಾರಿದವನದ್ದೋ, ಅವನಿಗೆ ಮಾರಿದವನದ್ದೋ. ಎಲ್ಲೋ ಒಬ್ಬ ಡಾಕ್ಟರದ್ದೂ ಇರಬಹುದು. ಸೆನ್ಸರುಗಳ ದುಡ್ಡನ್ನು ಅವನು ಇದರ ಲೆಕ್ಕದಲ್ಲಿ ವಜಾ ಮಾಡಿದ. ಆದರೂ ನಾನು ಬೆಳ್ಳಿ ಬಟ್ಟಲು ಕೊಟ್ಟು ಮಣ್ಣಿನ ಮಡಕೆ ಕೊಂಡ ಹಾಗೇ ಆಯಿತು. ಏರಿನಲ್ಲಿ ಮೂರು ಸಲ ಹತ್ತಿಸಿ ಇಳಿಸಿ ನೋಡಿದೆವು. ದೀಪ ಹತ್ತಲಿಲ್ಲ. "ಪೂರ್ತಿ ಮುಗೀತು ಅಕ್ಕಾ" ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ಬೀದಿಯವರು ಹೊರಗೆ ಬಂದರು.

ಅಮ್ಮ ಹೇಳಿದ ಹಾಗೆ, ಆಮೇಲೆಯೇ ಪಟ ತೆಗೆದದ್ದು. ಇಸ್ತ್ರಿಪೆಟ್ಟಿಗೆಗೆ ಉದ್ದನೆ ತಂತಿ ಜೋಡಿಸಿ ಕಾರಿನ ತನಕ ಒಯ್ದೆ. ದೂರದಿಂದ ಹಬೆ ಬಿಟ್ಟು, ತಡೆದು, ಮತ್ತೆ ಬಿಟ್ಟು, ರೇಷ್ಮೆಯ ಸೀರೆಯ ಕಲೆ ಬಿಡಿಸುವ ಹಾಗೆ ಬಿಡಿಸಿದೆ. ಹರಿಯಲಿಲ್ಲ. ಇಸ್ತ್ರಿ ಕೋಣೆಯಲ್ಲಿ, ನೀರಿನ ಬಕೆಟ್ಟಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅಲ್ಲಿ ಅವನು ಯಾವುದಕ್ಕೂ ಅಡ್ಡ ಬರುವುದಿಲ್ಲ. ಮೊದಲಿನ ಹಾಗೆ ಕೈ ಮುಗಿಯುತ್ತಿದ್ದೇನೆ. ಮಧ್ಯೆ ಕೆಲವು ದಿನ ಮುಗಿಯಲಿಲ್ಲವೆಂದು ಅವನಿಗೆ ಸಿಟ್ಟಿದ್ದ ಹಾಗೆ ಕಾಣುವುದಿಲ್ಲ.

ನಿನ್ನನ್ನು ಏನೂ ಕೇಳುವುದಿಲ್ಲ ಪುಟ್ಟಾ. ಕೇಳಿದರೆ ನೀನು ಗೊತ್ತಿಲ್ಲದ್ದಕ್ಕೆ ಉತ್ತರ ಹುಟ್ಟಿಸಬೇಕಾಗುತ್ತದೆ. ಆ ಉತ್ತರ ನನಗೂ ಹಿಡಿಸುವುದಿಲ್ಲ, ನಿನಗೂ ಹಿಡಿಸುವುದಿಲ್ಲ. ಕೆಲವು ಕಲೆ ಪೂರ್ತಿ ಹೋಗುವುದಿಲ್ಲ, ಹಾಗೆಂದು ಚಾದರ ಬಿಸಾಡುತ್ತೇವೆಯೇ? ಮಡಚುವಾಗ ಒಳಗಡೆ ಮಾಡಿ ಮಡಚುತ್ತೇವೆ. ಕಾರು ನನ್ನ ಹತ್ತಿರವೇ ಇರುತ್ತದೆ.

ನಿನ್ನೆ ಹೊರಡುವಾಗ ನೋಡಿದರೆ ನಿನ್ನ ಭಾವ ಕುಂಟುತ್ತ ಆ ಬಿಳಿ ಕ್ಯಾನನ್ನು ಹಿಡಿದುಕೊಂಡು ಬರುತ್ತಿದ್ದಾರೆ, ತುಂಬ ನೀರು. ಡಿಕ್ಕಿಯಲ್ಲಿ ಇಟ್ಟರು. "ಇನ್ನು ಅದು ಬೇಕಾಗಿಲ್ಲ ಅಂತ ಮುಕ್ಕಾಲು ಹೇಳಿದ್ದಾನೆ" ಅಂದೆ.

"ಇರಲಿ" ಅಂದರು.

ಅಮ್ಮನನ್ನು ಕರೆದುಕೊಂಡು ಬಾ. ಬಸ್ಸು ಇಳಿಯುವ ಕಡೆಗೆ ಕಾರು ತರುತ್ತೇನೆ. ಅಮ್ಮ ಮುಂದೆ ಕೂರಲಿ. ದೀಪ ಎಲ್ಲಿ ಹೋಯಿತೇ ಎಂದು ಕೇಳುತ್ತಾಳೆ, ನನಗೆ ಗೊತ್ತು. ಅದಕ್ಕೂ ಒಂದು ದಾರಿ ಸಿಕ್ಕಿದೆ. ಕೀಲಿ ತಿರುಗಿಸಿದ ಕೂಡಲೇ, ತಾನು ಬದುಕಿದ್ದೇನೆ ಎಂದು ತೋರಿಸಲು, ಆ ದೀಪ ಒಂದು ಕ್ಷಣ ಹತ್ತಿ ಆರುತ್ತದೆ. ಅಷ್ಟರಲ್ಲೇ ಕೈ ಮುಗಿದುಬಿಡಬೇಕು ಎಂದು ಅವಳಿಗೆ ಹೇಳಿಕೊಡುತ್ತೇನೆ. ನಾನು ಹಾಗೇ ಮಾಡುತ್ತಿದ್ದೇನೆ. ಆಮೇಲೆ ದಾರಿಯುದ್ದಕ್ಕೂ, ಅದು ಹತ್ತದಿರಲಿ ದೇವರೇ ಎಂದು ಬೇಡಿಕೊಂಡು ಓಡಿಸುತ್ತೇನೆ. ದೀಪ ಹತ್ತದಿರಲಿ ಎಂದು ದೇವರನ್ನು ಬೇಡುವವಳು ನಾನೊಬ್ಬಳೇ ಇರಬೇಕು. ಇದು ಪುಣ್ಯಕ್ಕೆ ಸೇರುತ್ತದೋ ಪಾಪಕ್ಕೋ, ಬರುವಾಗ ಅಮ್ಮನನ್ನು ಕೇಳಿಕೊಂಡು ಬಾ.

ನಿನ್ನ ಅಕ್ಕ